ಹುಬ್ಬಳ್ಳಿಯ 44 ಸಾವಿರವನ್ನು ಬೆಂಗಳೂರಿನ 10.2 ಲಕ್ಷದೊಡನೆ ತೂಗುವುದು ಹೇಗೆ?

ಪ್ರಶ್ನೆ: ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಂಪನಿಯೊಂದರಲ್ಲಿ ಎಂಜಿನಿಯರ್. ತಿಂಗಳಿಗೆ 44,000 ರೂಪಾಯಿ ಕೈಗೆ ಬರುತ್ತದೆ. ಪತ್ನಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ಆಕೆಗೆ 16,000. ನವನಗರದಲ್ಲಿ ಬಾಡಿಗೆ ಮನೆ, ಒಂದನೇ ತರಗತಿಯಲ್ಲಿರುವ ಮಗಳು. ತಂದೆ ತಾಯಿ ರೋಣ ತಾಲ್ಲೂಕಿನ ನಮ್ಮ ಊರಿನಲ್ಲಿ ಹೊಲ ನೋಡಿಕೊಂಡಿದ್ದಾರೆ. ಈಗ ಬೆಂಗಳೂರಿನ ಕಂಪನಿಯೊಂದು ವರ್ಷಕ್ಕೆ 10.2 ಲಕ್ಷ ಕೊಡುತ್ತೇವೆ ಎಂದಿದೆ. ಅಂತರ್ಜಾಲದ ಒಂದು ಕ್ಯಾಲ್ಕುಲೇಟರ್ ಪ್ರಕಾರ ಬೆಂಗಳೂರು ಹುಬ್ಬಳ್ಳಿಗಿಂತ 1.4 ಪಟ್ಟು ತುಟ್ಟಿ. ಹಾಗಾದರೆ ಇಲ್ಲಿನ 44,000 ಅಲ್ಲಿನ 61,600ಕ್ಕೆ ಸಮ, 10.2 ಲಕ್ಷ ಎಂದರೆ ತಿಂಗಳಿಗೆ 85,000; ಅಂದರೆ 23,000ಕ್ಕೂ ಹೆಚ್ಚು ಲಾಭ. ಈ ಲೆಕ್ಕ ಸರಿಯೇ? ಎರಡೂ ಊರಿನ ಖರ್ಚಿನ ಪಟ್ಟಿ ಮತ್ತು ಆಫರ್ ಪತ್ರದ ವಿವರ ಜೊತೆಗಿಟ್ಟಿದ್ದೇನೆ.

ಉತ್ತರ: ಸರಿಯಲ್ಲ. ನೀವು ಕಳಿಸಿದ ಅಂಕಿಗಳನ್ನೇ ಇಟ್ಟುಕೊಂಡು ನೋಡಿದರೆ, ಪತ್ನಿಗೆ ಅಲ್ಲಿ ಕೆಲಸ ಸಿಗುವವರೆಗೆ ಬೆಂಗಳೂರಿನಲ್ಲಿ ನಿಮ್ಮ ಮನೆ ತಿಂಗಳಿಗೆ ಸುಮಾರು 5,900 ರೂಪಾಯಿ ಕೊರತೆಯಲ್ಲಿ ನಡೆಯುತ್ತದೆ. ಹೋಗಲೇಬಾರದು ಎಂಬ ಅರ್ಥದಲ್ಲಿ ಹೇಳುತ್ತಿಲ್ಲ. ಹೋಗುವುದಾದರೆ ಯಾವ ಸಂಬಳಕ್ಕೆ, ಯಾವ ಏರ್ಪಾಡಿನೊಂದಿಗೆ ಎಂಬುದನ್ನು ಮೊದಲು ನಿಶ್ಚಯಿಸಬೇಕು.

ಮೊದಲು ಆ 85,000ವನ್ನು ಬಿಡಿಸೋಣ. 10.2 ಲಕ್ಷ ಎಂಬುದು ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು, ನಿಮ್ಮ ಸಂಬಳವಲ್ಲ. ಪತ್ರದ ಪ್ರಕಾರ ಅದರಲ್ಲಿ ಶೇ 10, ಅಂದರೆ 1,02,000 ರೂಪಾಯಿ, ಸಾಧನೆ ನೋಡಿ ವರ್ಷದ ಕೊನೆಗೆ ಕೊಡುವ ಹಣ. ಮೂಲವೇತನ ಒಟ್ಟು ಮೊತ್ತದ ಅರ್ಧ, ತಿಂಗಳಿಗೆ 42,500. ಅದರ ಮೇಲೆ ಕಂಪನಿ ಕಟ್ಟುವ ಶೇ 12ರ ಭವಿಷ್ಯ ನಿಧಿ (ಪಿಎಫ್) ವರ್ಷಕ್ಕೆ 61,200, ಶೇ 4.81ರ ಗ್ರಾಚ್ಯುಟಿ ಸುಮಾರು 24,500. ಈ ಮೂರನ್ನೂ ಕಳೆದರೆ ತಿಂಗಳಿಗೆ ಉಳಿಯುವುದು ಸುಮಾರು 69,360. ಅದರಿಂದ ನಿಮ್ಮ ಪಾಲಿನ ಪಿಎಫ್ 5,100 ಮತ್ತು ವೃತ್ತಿ ತೆರಿಗೆ 200 ಹೋಗುತ್ತದೆ. ಕೈಗೆ ಬರುವುದು 64,000. ಆದಾಯ ತೆರಿಗೆಯ ಚಿಂತೆ ನಿಮಗಿಲ್ಲ: 2025–26ರ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ಸಂಬಳದಾರರಿಗೆ 75,000ದ ಪ್ರಮಾಣಿತ ಕಡಿತವೂ ಸೇರಿದರೆ ಮಿತಿ 12.75 ಲಕ್ಷ. ವೃತ್ತಿ ತೆರಿಗೆ ರಾಜ್ಯದ್ದಾದ್ದರಿಂದ ಎರಡೂ ಊರಿನಲ್ಲಿ ಒಂದೇ.

ಗ್ರಾಚ್ಯುಟಿಯನ್ನು ನಾನು ಸಂಬಳದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ವರ್ಷಗಟ್ಟಲೆ ಅಲ್ಲೇ ದುಡಿದವರಿಗೆ ಸಿಗುವ ಹಣ. ಪಿಎಫ್ ಮಾತ್ರ ನಿಮ್ಮದೇ. ಎರಡೂ ಪಾಲು ಸೇರಿ ಬೆಂಗಳೂರಿನಲ್ಲಿ ತಿಂಗಳಿಗೆ 10,200 ನಿಮ್ಮ ಹೆಸರಿನಲ್ಲಿ ಜಮೆಯಾಗುತ್ತದೆ. ಹುಬ್ಬಳ್ಳಿಯ ಕಂಪನಿ 15,000ದ ವೇತನ ಮಿತಿಯ ಮೇಲೆ ಮಾತ್ರ ಪಿಎಫ್ ಕಟ್ಟುತ್ತಿರುವುದರಿಂದ ಇಲ್ಲಿ ಅದು 1,800ರಂತೆ ಎರಡು ಪಾಲು, ಒಟ್ಟು 3,600. ಈ ವ್ಯತ್ಯಾಸ ಬೆಂಗಳೂರಿನ ಪರವಾಗಿದೆ. ಅದನ್ನು ಕೊನೆಯವರೆಗೂ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ.

ಈಗ ಆ 1.4ರ ಮಾತು. ಇಂಥ ಕ್ಯಾಲ್ಕುಲೇಟರುಗಳು ಒಂದು ಸಿದ್ಧ ಪಟ್ಟಿ ಹಿಡಿದು ಎರಡೂ ಊರಿನ ಬೆಲೆಗಳ ಸರಾಸರಿ ತೆಗೆಯುತ್ತವೆ. ಪಟ್ಟಿಯಲ್ಲಿ ಹೋಟೆಲ್ ಊಟ, ಜಿಮ್, ಸಿನಿಮಾ ಟಿಕೆಟ್, ಚೀಸ್ ಎಲ್ಲ ಇರುತ್ತವೆ. ನಿಮ್ಮ ಮನೆಯಲ್ಲಿ ಯಾವುದಕ್ಕೆ ಎಷ್ಟು ಹಣ ಹೋಗುತ್ತದೆ ಎಂಬುದು ಅದಕ್ಕೆ ತಿಳಿಯದು. ಆದರೆ ಊರಿನಿಂದ ಊರಿಗೆ ಬೆಲೆ ಒಂದೇ ಸಮನೆ ಏರುವುದಿಲ್ಲ. ಮೊಬೈಲ್, ಚಿನ್ನ, ಬೈಕು, ಅಂತರ್ಜಾಲದಲ್ಲಿ ತರಿಸುವ ಬಟ್ಟೆ, ಮಾತ್ರೆಗಳ ಬೆಲೆ ಎಲ್ಲಿ ಕೊಂಡರೂ ಹೆಚ್ಚುಕಡಿಮೆ ಒಂದೇ. ಗೃಹಜ್ಯೋತಿಯ ಅನುಕೂಲ ಬಾಡಿಗೆದಾರರಿಗೂ ಇರುವುದರಿಂದ ವಿದ್ಯುತ್ ಖರ್ಚಿನಲ್ಲಿಯೂ ದೊಡ್ಡ ಅಂತರವಿಲ್ಲ. ಹೊತ್ತು ಸಾಗಿಸಲಾಗದ ವಸ್ತುಗಳಲ್ಲಿ ಮತ್ತು ಮನುಷ್ಯರ ದುಡಿಮೆಯಲ್ಲಿ ಅಂತರವಿದೆ: ಮನೆ ಬಾಡಿಗೆ, ಶಾಲೆಯ ಶುಲ್ಕ, ಮನೆಗೆಲಸದವರ ಸಂಬಳ, ಕ್ಷೌರ, ಟ್ಯೂಷನ್, ಆಟೊ. ದುಡಿಮೆಯ ಉತ್ಪಾದಕತೆ ಹೆಚ್ಚಿದ ಕಡೆ ಸಂಬಳ ಏರುತ್ತದೆ, ಅದರ ಬೆನ್ನಿಗೆ ಸ್ಥಳೀಯ ಸೇವೆಗಳೆಲ್ಲ ತುಟ್ಟಿಯಾಗುತ್ತವೆ ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಬೆಲಾ ಬಲಾಸಾ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ 1964ರಲ್ಲಿ ಬೇರೆ ಬೇರೆಯಾಗಿ ವಿವರಿಸಿದರು. ಅವರು ಹೇಳಿದ್ದು ದೇಶಗಳ ಬಗ್ಗೆ. ಒಂದೇ ರಾಜ್ಯದ ಎರಡು ನಗರಗಳಿಗೂ ಅದು ಹೊಂದುತ್ತದೆ. ಹಾಗಾಗಿ ಬಾಡಿಗೆ ಮನೆಯಲ್ಲಿದ್ದು, ಮಗುವನ್ನು ಖಾಸಗಿ ಶಾಲೆಗೆ ಕಳಿಸುವ ನಿಮ್ಮಂಥ ಕುಟುಂಬಕ್ಕೆ ಸರಾಸರಿಗಿಂತ ದೊಡ್ಡ ಪೆಟ್ಟು ಬೀಳುತ್ತದೆ.

ಕೆಲವರು ಸರ್ಕಾರದ ಗ್ರಾಹಕ ಬೆಲೆ ಸೂಚ್ಯಂಕವನ್ನು ತೋರಿಸಿ ಎರಡು ಊರುಗಳನ್ನು ಹೋಲಿಸುತ್ತಾರೆ. ಅದನ್ನು ನಂಬಬೇಡಿ. ಸೂಚ್ಯಂಕ ಹೇಳುವುದು ಒಂದು ಕೇಂದ್ರದಲ್ಲಿ ಆಧಾರ ವರ್ಷದಿಂದ ಇಲ್ಲಿಯವರೆಗೆ ಬೆಲೆ ಎಷ್ಟು ಏರಿತು ಎಂಬುದನ್ನು ಮಾತ್ರ. ಆಧಾರ ವರ್ಷದಲ್ಲಿ ಎಲ್ಲ ಕೇಂದ್ರಗಳ ಅಂಕಿಯೂ 100. ಹಾಗಾಗಿ ಒಂದು ಊರಿನ ಸೂಚ್ಯಂಕ 150, ಇನ್ನೊಂದರದ್ದು 145 ಎಂದಾದರೆ ಮೊದಲನೆಯ ಊರೇ ತುಟ್ಟಿ ಎಂದು ಹೇಳಲಾಗದು. ತುಟ್ಟಿಯಾಗಿದ್ದ ಊರಿನಲ್ಲಿ ಏರಿಕೆ ನಿಧಾನವಾಗಿರಬಹುದು.

ಊರಿಂದ ಊರಿಗೆ ಹೋಲಿಸಲು ಸರ್ಕಾರದ ಬಳಿ ಇರುವ ಒಂದು ಅಳತೆ ಕೇಂದ್ರ ನೌಕರರ ಮನೆ ಬಾಡಿಗೆ ಭತ್ಯೆ. ಬೆಂಗಳೂರು ಮೊದಲ ದರ್ಜೆಯ ನಗರ, ಮೂಲವೇತನದ ಶೇ 30. ಹುಬ್ಬಳ್ಳಿ–ಧಾರವಾಡ ಎರಡನೆಯದು, ಶೇ 20. ಗದಗ, ಹಾವೇರಿಗೆ ಶೇ 10. ಏಳನೇ ವೇತನ ಆಯೋಗದ 35,400 ರೂಪಾಯಿ ಮೂಲವೇತನದ ನೌಕರನಿಗೆ ಹುಬ್ಬಳ್ಳಿಯಲ್ಲಿ 7,080, ಬೆಂಗಳೂರಿನಲ್ಲಿ 10,620 ಸಿಗುತ್ತದೆ. ಪ್ರಯಾಣ ಭತ್ಯೆ ಬೆಂಗಳೂರಿನಲ್ಲಿ 3,600, ಇಲ್ಲಿ 1,800, ಅದರ ಮೇಲೆ ತುಟ್ಟಿಭತ್ಯೆ. ತುಟ್ಟಿಭತ್ಯೆಯ ದರವಂತೂ ದೇಶಕ್ಕೆಲ್ಲ ಒಂದೇ. ನವನಗರದಲ್ಲಿ 9,500 ಕೊಡುತ್ತಿರುವ ನೀವು ಅಂಥದ್ದೇ ಮನೆಯನ್ನು ಬೆಂಗಳೂರಿನ ಕಚೇರಿಯ ಹತ್ತಿರ ವಿಚಾರಿಸಿದಾಗ 22,000 ಹೇಳಿದರಲ್ಲವೇ? ಈ ಭತ್ಯೆಯ 3,540 ರೂಪಾಯಿ ಅಂತರ ಆ 12,500ಕ್ಕೆ ಯಾವ ಮೂಲೆಗೂ ಸಾಲದು. ಇಲ್ಲಿಂದ ಅಲ್ಲಿಗೆ ವರ್ಗವಾಗುವ ಕೇಂದ್ರ ನೌಕರರ ಕಷ್ಟ ಇಲ್ಲಿಯೇ ಇದೆ, ಮತ್ತು ಭತ್ಯೆಯ ಅಳತೆ ನಿಮಗೆ ಉಪಯೋಗವಿಲ್ಲ ಎನ್ನುವುದಕ್ಕೂ ಇದೇ ಕಾರಣ.

ಹಾಗಾದರೆ ನಿಮ್ಮ ಪಟ್ಟಿಯನ್ನೇ ನೋಡೋಣ. ಹುಬ್ಬಳ್ಳಿಯಲ್ಲಿ ತಿಂಗಳ ಖರ್ಚು: ಬಾಡಿಗೆ 9,500, ದಿನಸಿ, ಹಾಲು, ತರಕಾರಿ 9,000, ಶಾಲೆ 3,500, ಪೆಟ್ರೋಲ್ ಮತ್ತು ಬಸ್ 3,000, ಮನೆಗೆಲಸದವರಿಗೆ 1,200, ವಿದ್ಯುತ್, ಗ್ಯಾಸ್, ಮೊಬೈಲ್ 2,800, ಔಷಧ 2,000, ಊರಿಗೆ ಹೋಗಿಬರಲು 1,500, ಬಟ್ಟೆ, ಹಬ್ಬ, ಮದುವೆ ಮುಂಜಿ ಎಲ್ಲ ಸೇರಿ 6,000. ಒಟ್ಟು 38,500. ಇಬ್ಬರ ಸಂಬಳ 60,000. ಉಳಿಯುವುದು 21,500, ಪಿಎಫ್ ಸೇರಿ 25,100.

ಬೆಂಗಳೂರಿಗೆ ನೀವು ವಿಚಾರಿಸಿ ಬರೆದದ್ದು: ಬಾಡಿಗೆ ಮತ್ತು ನಿರ್ವಹಣಾ ಶುಲ್ಕ 24,500, ದಿನಸಿ 13,000, ಶಾಲೆ ಮತ್ತು ವ್ಯಾನು 8,000, ಓಡಾಟ 4,500, ಮನೆಗೆಲಸ 3,000, ವಿದ್ಯುತ್, ಗ್ಯಾಸ್, ಮೊಬೈಲ್ 3,000, ಔಷಧ 2,500, ಊರಿನ ಪ್ರಯಾಣ 3,000, ಇತರೆ 7,500. ಇದು 69,000. ನೀವು ಬರೆಯದೆ ಬಿಟ್ಟ ಒಂದು ಬಾಬನ್ನು ನಾನು ಸೇರಿಸುತ್ತೇನೆ: ಮನೆಯ ಮುಂಗಡ. ನವನಗರದ ಮಾಲೀಕರಿಗೆ 50,000 ಕೊಟ್ಟಿದ್ದೀರಿ, ಅಲ್ಲಿ ಎರಡು ಲಕ್ಷ ಕೇಳಿದ್ದಾರೆ. ಹೆಚ್ಚುವರಿ 1.5 ಲಕ್ಷ ಬ್ಯಾಂಕಿನಲ್ಲಿದ್ದರೆ ಶೇ 7ರಂತೆ ತಿಂಗಳಿಗೆ 875 ರೂಪಾಯಿ ಬಡ್ಡಿ ತರುತ್ತಿತ್ತು. ಮುಂಗಡ ವಾಪಸ್ ಬರುತ್ತದೆ ನಿಜ, ಬಡ್ಡಿ ಬರುವುದಿಲ್ಲ. ಆದ್ದರಿಂದ ಅದೂ ಬಾಡಿಗೆಯ ಭಾಗವೇ. ಒಟ್ಟು 69,875.

ಹುಬ್ಬಳ್ಳಿಯ 38,500ರ ಜೀವನ ಬೆಂಗಳೂರಿನಲ್ಲಿ 69,875. ನಿಮ್ಮ ಮನೆಯ ಮಟ್ಟಿಗೆ ಅನುಪಾತ 1.4 ಅಲ್ಲ, 1.8.

ಇಲ್ಲಿ ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಹಳೆಯ ಊರಿನ ಬದುಕನ್ನೇ ಹೊಸ ಊರಿನ ಬೆಲೆಯಲ್ಲಿ ಕೊಂಡರೆ ಎಷ್ಟಾಗುತ್ತದೆ ಎಂದು ನೋಡುವ ಈ ವಿಧಾನ 1871ರಲ್ಲಿ ಜರ್ಮನ್ ಅರ್ಥಶಾಸ್ತ್ರಜ್ಞ ಲಾಸ್ಪೇರ್ ಕೊಟ್ಟದ್ದು. ಅದು ಅಂತರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುತ್ತದೆ. ಹೊಸ ಊರಿನ ಬದುಕಿನಿಂದ ಹಿಂದಕ್ಕೆ ಎಣಿಸುವ, 1874ರ ಪಾಶೆಯ ವಿಧಾನ ಕುಗ್ಗಿಸಿ ತೋರಿಸುತ್ತದೆ. ಜನ ಹೊಸ ಊರಿಗೆ ಹೋದಮೇಲೆ ತುಟ್ಟಿಯಾದದ್ದನ್ನು ಕಡಿಮೆ ಮಾಡಿಕೊಳ್ಳುತ್ತಾರೆ. ನೀವು ಕೂಡ ಇನ್ನೂ ಸಣ್ಣ ಮನೆ ಹಿಡಿದು, ಹೊರವಲಯಕ್ಕೆ ಸರಿದು ಬಾಡಿಗೆಯನ್ನು 16,000ಕ್ಕೆ ಇಳಿಸಬಹುದು. ಆಗ ದಿನಕ್ಕೆ ಎರಡು ಗಂಟೆ ಹೆಚ್ಚು ರಸ್ತೆಯಲ್ಲಿ ಕಳೆದರೆ, ತಿಂಗಳ 22 ಕೆಲಸದ ದಿನಗಳಿಗೆ 44 ಗಂಟೆ. ಅದು ಮಗಳ ಓದಿನ ಹೊತ್ತು, ನಿಮ್ಮ ನಿದ್ದೆಯ ಹೊತ್ತು. ಮೆಟ್ರೊ ಹತ್ತಿರವಿದ್ದರೆ ಸಮಯ ಉಳಿಯುತ್ತದೆ, ಆದರೆ 2025ರ ಫೆಬ್ರುವರಿಯಲ್ಲಿ ಅದರ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದೆ. ಪತ್ನಿ ಸಾಮಾನ್ಯ ಬಸ್ಸಿನಲ್ಲಿ ಓಡಾಡಿದರೆ ಶಕ್ತಿ ಯೋಜನೆಯಿಂದ ಎರಡೂ ಊರಿನಲ್ಲಿ ಖರ್ಚಿಲ್ಲ.

ದಿನಸಿಯ ಸಾಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ನಮ್ಮ ಭಾಗದ ಕುಟುಂಬಗಳ ಲೆಕ್ಕದಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಇದೇ. ಹುಬ್ಬಳ್ಳಿಯಲ್ಲಿ ನಿಮ್ಮ ದಿನಸಿ 9,000ಕ್ಕೆ ನಿಂತಿರುವುದು ಹುಬ್ಬಳ್ಳಿ ಅಗ್ಗ ಎಂಬ ಕಾರಣಕ್ಕೆ ಮಾತ್ರವಲ್ಲ. ಹಿಂಗಾರಿ ರಾಶಿ ಮುಗಿದ ಮೇಲೆ ಎರಿ ಹೊಲದ ಬಿಳಿಜೋಳ ಚೀಲದಲ್ಲಿ ಮನೆಗೆ ಬರುತ್ತದೆ ಎಂದು ನೀವೇ ಬರೆದಿದ್ದೀರಿ. ಜೊತೆಗೆ ಕಡಲೆ, ಬೇಸಿಗೆಯಲ್ಲಿ ಒಣಗಿಸಿ ಕುಟ್ಟಿಸಿದ ಖಾರದ ಪುಡಿ, ಶೇಂಗಾ. ಇದು ಸಂಬಳದ ಚೀಟಿಯಲ್ಲಿ ಕಾಣದ ಆದಾಯ. ರೊಟ್ಟಿಗೆ ಹಿಟ್ಟು ಹೊಸದಾಗಿರಬೇಕು, ಹಳತಾದರೆ ಬಡಿಯುವಾಗಲೇ ಅಂಚು ಸೀಳುತ್ತದೆ. ಅದಕ್ಕಾಗಿಯೇ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಜೋಳ ಹಸನು ಮಾಡಿ ಓಣಿಯ ಗಿರಣಿಗೆ ಒಯ್ಯುವುದು ನಮ್ಮ ಮನೆಗಳ ರೂಢಿ. ಬೆಂಗಳೂರಿಗೆ ಜೋಳದ ಚೀಲವನ್ನು ಬಸ್ಸಿನಲ್ಲಿ ಹಾಕಿ ಕಳಿಸಬಹುದು. ಆದರೆ ಹತ್ತಿರದಲ್ಲಿ ಜೋಳ ಬೀಸುವ ಗಿರಣಿ ಇರಬೇಕು, ಬೆಳಿಗ್ಗೆ ರೊಟ್ಟಿ ಬಡಿಯುವಷ್ಟು ಹೊತ್ತು ಇರಬೇಕು. ಇಲ್ಲದಿದ್ದರೆ ಬಡಿದಿಟ್ಟ ರೊಟ್ಟಿ ಕೊಳ್ಳುವುದಾಗುತ್ತದೆ. ಒಂದಕ್ಕೆ ಹತ್ತು ರೂಪಾಯಿ ಎಂದು ಹಿಡಿದರೂ ದಿನಕ್ಕೆ ಎಂಟು ರೊಟ್ಟಿಗೆ ತಿಂಗಳಿಗೆ 2,400. ನಿಮ್ಮ ಪಟ್ಟಿಯ 4,000 ಅಂತರದಲ್ಲಿ ದೊಡ್ಡ ಪಾಲು ಇದೇ ಇರಬೇಕು. ಹಾಲಿನ ಪ್ಯಾಕೆಟ್ಟಿನಲ್ಲಿಯೂ ಸಕ್ಕರೆಯಲ್ಲಿಯೂ ಅಂಥ ವ್ಯತ್ಯಾಸ ಇಲ್ಲ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯ. ಕ್ಯಾಲ್ಕುಲೇಟರ್ ಸರಿಯಾದ ಅನುಪಾತವನ್ನೇ ಕೊಟ್ಟಿದ್ದರೂ ನಿಮ್ಮ ಲೆಕ್ಕ ತಪ್ಪುತ್ತಿತ್ತು. ಸಂಬಳದಲ್ಲಿ ಎರಡು ಭಾಗಗಳಿವೆ: ಇರುವ ಊರಿನಲ್ಲೇ ಖರ್ಚಾಗುವ ಹಣ ಮತ್ತು ಉಳಿಯುವ ಹಣ. ಖರ್ಚಾಗುವ ಹಣವನ್ನು ಮಾತ್ರ ಊರಿನ ಬೆಲೆಯಿಂದ ಗುಣಿಸಬೇಕು. ಉಳಿದದ್ದು ಪಿಎಫ್‌ಗೆ ಹೋಗಲಿ, ಚಿನ್ನಕ್ಕೆ ಹೋಗಲಿ, ತಂದೆಯವರ ಕೊಳವೆಬಾವಿಗೆ ಹೋಗಲಿ, ಮುಂದೆ ಧಾರವಾಡದಲ್ಲಿ ನಿವೇಶನ ಕೊಳ್ಳಲು ಹೋಗಲಿ, ಅದರ ಬೆಲೆ ನೀವು ಎಲ್ಲಿ ಗಳಿಸಿದರೂ ಅಷ್ಟೇ. ಅದನ್ನು ನೇರವಾಗಿ ರೂಪಾಯಿಯಲ್ಲೇ ಎಣಿಸಬೇಕು. ಹೀಗೆ ಬಿಡಿಸಿ ನೋಡಿದರೆ, ದುಡಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಸುವವರಿಗೆ ದೊಡ್ಡ ಊರು ಏಕೆ ಲಾಭ ಎಂಬುದು ಸ್ಪಷ್ಟವಾಗುತ್ತದೆ. ಮದುವೆಯಾಗದ ಯುವಕ ಮೂರು ಜನರೊಡನೆ ಕೋಣೆ ಹಂಚಿಕೊಂಡು 64,000 ಗಳಿಸಿದರೆ ಅವನು ಗೆದ್ದ ಹಾಗೆ. ಅದೇ 64,000, ಬಾಡಿಗೆ ಮತ್ತು ಶಾಲೆ ಇರುವ ಮೂವರ ಸಂಸಾರಕ್ಕೆ ಸೋಲು. ಆದ್ದರಿಂದ ಗೆಳೆಯರು ಬೆಂಗಳೂರಿನಲ್ಲಿ ಚೆನ್ನಾಗಿದ್ದಾರೆ ಎಂಬುದು ನಿಮಗೆ ಪುರಾವೆಯಾಗದು.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಇಂಥದ್ದೇ ಬದುಕು ನಡೆಸಿ ತಿಂಗಳ ಕೊನೆಗೆ ಎಷ್ಟು ಉಳಿಯುತ್ತದೆ? ಹುಬ್ಬಳ್ಳಿಯಲ್ಲಿ 25,100. ಬೆಂಗಳೂರಿನಲ್ಲಿ ನಿಮ್ಮೊಬ್ಬರ 64,000ದಲ್ಲಿ 69,875 ಖರ್ಚು ಕಳೆದು ಪಿಎಫ್ ಸೇರಿಸಿದರೆ ಸುಮಾರು 4,300. ಅದೂ ಪಿಎಫ್ ಖಾತೆಯಲ್ಲಿ, ಕೈಯಲ್ಲಲ್ಲ. ನಿಮ್ಮ ಪ್ರಶ್ನೆಯಲ್ಲಿ ಪತ್ನಿಯ 16,000ದ ಉಲ್ಲೇಖವಿದೆ, ನಿಮ್ಮ ಲಾಭದ ಲೆಕ್ಕದಲ್ಲಿ ಅದು ಎಲ್ಲಿಯೂ ಇಲ್ಲ. ಆಕೆ ಬಿಟ್ಟುಬರುವ ಸಂಬಳವೇ ಈ ವರ್ಗಾವಣೆಯ ಅತಿ ದೊಡ್ಡ ಖರ್ಚು, ಬಾಡಿಗೆಯ ಏರಿಕೆಗಿಂತಲೂ ದೊಡ್ಡದು. ಇದನ್ನು ಮರೆಯುವವರು ನೀವೊಬ್ಬರೇ ಅಲ್ಲ. ಗಂಡನ ಆಫರ್ ಪತ್ರವನ್ನು ಮಾತ್ರ ಮೇಜಿನ ಮೇಲಿಟ್ಟು ಎಷ್ಟೋ ಮನೆಗಳು ನಿರ್ಧಾರ ಮಾಡುತ್ತವೆ, ಮತ್ತು ಅದು ನನಗೆ ಬೇಸರ ತರುತ್ತದೆ.

ಆಕೆಗೆ ಬೆಂಗಳೂರಿನಲ್ಲಿ ತಿಂಗಳಿಗೆ 20,800ರಷ್ಟು ಸಂಬಳದ ಕೆಲಸ ಸಿಕ್ಕರೆ ಎರಡೂ ಊರು ಸಮ. ಇದರ ಮೇಲೆ ಸ್ಥಳಾಂತರದ ಒಂದೇ ಬಾರಿಯ ಖರ್ಚು ಇದೆ: ಸಾಮಾನು ಸಾಗಣೆ 25,000, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ 22,000, ಶಾಲೆಯ ಪ್ರವೇಶ ಶುಲ್ಕ 40,000 ಎಂದು ಹಿಡಿಯೋಣ. ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 2,400. ಆಗ ಸಮಬಿಂದು 23,200. ವರ್ಷದ ಕೊನೆಯ ಸಾಧನೆಯ ಹಣ ಪೂರ್ತಿ ಬಂದರೆ ತಿಂಗಳಿಗೆ 8,500 ಕಡಿಮೆ ಸಾಕು. ಅದನ್ನು ನಾನು ನಂಬಿಕೆಯ ಹಣವಾಗಿ ಎಣಿಸುವುದಿಲ್ಲ. ಬಂದರೆ ಮುಂಗಡಕ್ಕೆ ತೆಗೆದ ಹಣವನ್ನು ತುಂಬಿಕೊಳ್ಳಲು ಬಳಸಿ.

ಮುಂದೆ ಸಂಬಳ ಏರುತ್ತದಲ್ಲ ಎಂದು ನೀವು ಕೇಳಬಹುದು. ಅದೂ ನಿಜವಾದ ವಾದವೇ. ಬೆಂಗಳೂರಿನಲ್ಲಿ ವರ್ಷಕ್ಕೆ ಶೇ 10, ಹುಬ್ಬಳ್ಳಿಯಲ್ಲಿ ಇಬ್ಬರಿಗೂ ಶೇ 6 ಏರಿಕೆ, ಖರ್ಚು ಎರಡೂ ಕಡೆ ಶೇ 6 ಎಂದು ಊಹಿಸಿ, ನಿಮ್ಮೊಬ್ಬರ ಸಂಬಳದಲ್ಲೇ ಅಲ್ಲಿದ್ದೀರಿ ಎಂದುಕೊಳ್ಳೋಣ. ಐದು ಏರಿಕೆಗಳ ನಂತರ ಪಿಎಫ್ ಸೇರಿ ಬೆಂಗಳೂರಿನ ಉಳಿಕೆ 26,000, ಹುಬ್ಬಳ್ಳಿಯದು 32,400. ಏಳನೇ ಏರಿಕೆಗೆ ಬೆಂಗಳೂರಿನದು 39,500, ಹುಬ್ಬಳ್ಳಿಯದು 35,900. ಅಂದರೆ ಬೆಂಗಳೂರು ಮುಂದೆ ಬರುತ್ತದೆ, ಆದರೆ ಏಳು ವರ್ಷದ ಹೊತ್ತಿಗೆ. ಅಲ್ಲಿಯವರೆಗೆ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಇನ್ನಷ್ಟು ವರ್ಷ ಬೇಕು. ರೂಪಾಯಿಯಲ್ಲಿ ಹೇಳಲಾಗದ ಒಂದು ಲಾಭ ಬೆಂಗಳೂರಿಗಿದೆ: ಕೆಲಸ ಹೋದರೆ ಇನ್ನೊಂದು ಕೆಲಸ ಅದೇ ಊರಿನಲ್ಲಿ ಸಿಗುತ್ತದೆ. ಹುಬ್ಬಳ್ಳಿ–ಧಾರವಾಡದಲ್ಲಿ ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳಿದ್ದರೂ ನಿಮ್ಮ ಪರಿಣತಿಗೆ ಬೇಕಾದ ಕಂಪನಿಗಳು ಬೆರಳೆಣಿಕೆ. ಇನ್ನೊಂದು ತಕ್ಕಡಿಯಲ್ಲಿ, ಅಮ್ಮನಿಗೆ ಜ್ವರ ಬಂದರೆ ಸಂಜೆಯೊಳಗೆ ರೋಣ ಮುಟ್ಟುವ ದೂರ ಇದೆ. ಈ ಎರಡಕ್ಕೂ ಬೆಲೆ ಕಟ್ಟಬೇಕಾದವರು ನೀವಿಬ್ಬರೇ.

ನನ್ನ ಅಭಿಪ್ರಾಯ: ಪತ್ರ ಈಗಿರುವ ರೂಪದಲ್ಲಿ ಒಪ್ಪಿಕೊಳ್ಳಬೇಡಿ, ತಿರಸ್ಕರಿಸಲೂ ಬೇಡಿ. ಪತ್ನಿಯ ಸಂಬಳವಿಲ್ಲದೆಯೂ ಈಗಿನ ಉಳಿಕೆ ಉಳಿಯಬೇಕಾದರೆ, ಪತ್ರದ ಇದೇ ಹಂಚಿಕೆಯಲ್ಲಿ ವರ್ಷಕ್ಕೆ 13 ಲಕ್ಷದ ಮೇಲೆ ಬೇಕು, ಸ್ಥಳಾಂತರದ ಖರ್ಚೂ ಸೇರಿದರೆ 13.4 ಲಕ್ಷ. ಆಗಲೂ ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ ಮತ್ತು ಪ್ರಮಾಣಿತ ಕಡಿತ ಕಳೆದ ನಂತರ ಆದಾಯ 12 ಲಕ್ಷದೊಳಗೇ ಇರುವುದರಿಂದ ತೆರಿಗೆ ಬೀಳದು. ಈ ಅಂಕಿಯನ್ನು ಕಂಪನಿಗೆ ಹೇಳಿ. ಅಷ್ಟು ಏರಿಸಲು ಒಪ್ಪದಿದ್ದರೆ ಶೇ 10ರ ಸಾಧನೆಯ ಹಣವನ್ನು ಖಾಯಂ ಸಂಬಳಕ್ಕೆ ಸೇರಿಸಲು, ಸಾಗಣೆ ಮತ್ತು ದಲ್ಲಾಳಿಯ ಖರ್ಚನ್ನು ಭರಿಸಲು, ತಿಂಗಳಲ್ಲಿ ಎರಡು ವಾರ ಮನೆಯಿಂದ ಕೆಲಸ ಮಾಡಲು ಕೇಳಿ. ಎರಡು ವಾರ ಸಿಕ್ಕರೆ ಸಂಸಾರ ನವನಗರದಲ್ಲೇ ಇದ್ದು, ನೀವು ಮಾತ್ರ ಅಲ್ಲಿ ಪೇಯಿಂಗ್ ಗೆಸ್ಟ್ ಆಗಿ ಇರಬಹುದು. ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು 2023ರ ಜೂನ್‌ನಿಂದ ಓಡುತ್ತಿದೆ, ರಾತ್ರಿಯ ರೈಲು ಬಸ್ಸುಗಳೂ ಇವೆ. ಆಕೆಯ 16,000, ಮಗಳ ಶಾಲೆ, ಊರಿನ ಜೋಳ ಎಲ್ಲ ಹಾಗೆಯೇ ಉಳಿಯುವುದರಿಂದ ಹಣದ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಲಾಭದಾಯಕ, ಸಂಸಾರದ ಲೆಕ್ಕದಲ್ಲಿ ಕಷ್ಟ. ಒಂದು ವರ್ಷಕ್ಕಿಂತ ಹೆಚ್ಚು ಎಳೆಯಬೇಡಿ.

ಒಟ್ಟಾಗಿಯೇ ಹೋಗುವುದಾದರೆ, ಮೊದಲ ಅರ್ಜಿ ನಿಮ್ಮದಲ್ಲ, ಆಕೆಯದು. ಖಾಸಗಿ ಶಾಲೆಗಳು ಹೊಸ ಶೈಕ್ಷಣಿಕ ವರ್ಷಕ್ಕೆ ಮುಂಚೆ, ಬೇಸಿಗೆಯ ಹೊತ್ತಿಗೆ ಶಿಕ್ಷಕರನ್ನು ತೆಗೆದುಕೊಳ್ಳುತ್ತವೆ. ಬಿ.ಎಡ್. ಮತ್ತು ಅನುಭವದ ಪತ್ರಗಳನ್ನು ಜೋಡಿಸಿ ಆಗಲೇ ಸಂದರ್ಶನಗಳಿಗೆ ಹೋಗಲಿ, ಮಗಳಿಗೆ ಅದೇ ಶಾಲೆಯಲ್ಲಿ ಶುಲ್ಕದ ರಿಯಾಯಿತಿ ಇದೆಯೇ ಎಂದು ಕೇಳಲಿ. ಶಿಕ್ಷಕರ ಮಕ್ಕಳಿಗೆ ಅಂಥ ರಿಯಾಯಿತಿ ಕೊಡುವ ಶಾಲೆಗಳಿವೆ, ನಿಮ್ಮ ಪಟ್ಟಿಯ 8,000ದ ಸಾಲು ಅರ್ಧವಾಗಬಹುದು. ಆಕೆಯ ನೇಮಕ ಪತ್ರ ಕೈಗೆ ಬಂದ ಮೇಲೆ, ಆ ಶಾಲೆಗೂ ನಿಮ್ಮ ಕಚೇರಿಗೂ ನಡುವೆ ಮನೆ ಹುಡುಕಿ, ನವನಗರದ ಮಾಲೀಕರಿಗೆ ಆಮೇಲೆ ತಿಳಿಸಿ.